ಹೆಬ್ಬೆಟ್ಟಿನ ಮೇಲೆ ನಡೆದ ಕಪಾಟು

ಆಗ ನನಗೆ ಮೂವತ್ತೊಂದು. ಅದಾಗಿ ನಲವತ್ತು ವರ್ಷದ ಮೇಲಾಯಿತು. ಹಳಿಯಾಳದ ಕಡೆಯ ಒಂದು ಸರಕಾರಿ ದವಾಖಾನೆಯಲ್ಲಿ ಕಸ ಹೊಡೆದು, ರೋಗಿಗಳ ಬಟ್ಟೆ ಒಗೆದು ದಿನ ಕಳೆಯುತ್ತಿದ್ದೆ. ಮೊಸರು ಹುಳಿಯಾಗದಿರಲೆಂದು ನೀವು ಈಗ ಮನೆಯಲ್ಲಿ ಇಟ್ಟುಕೊಳ್ಳುತ್ತೀರಲ್ಲ, ಅಂಥದೇ ಬಿಳಿ ತಂಪು ಕಪಾಟು ನಮ್ಮಲ್ಲಿ ಆಗಲೇ ಇತ್ತು. ನಾನು ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದೆ.

ಕಾಡಿನ ಅಂಚಿನ ಹಳ್ಳಿಗಳಲ್ಲಿ ಮಕ್ಕಳಿಗೆ ಮೆದುಳು ಜ್ವರ ಬರುತ್ತಿತ್ತು. ಅದು ಯಾವ ಜಾತಿಯ ಜ್ವರವೆಂದು ತಿಳಿಯಲು ಬೆನ್ನಿನ ನೀರು ತೆಗೆದು, ಕೆಡದಂತೆ ತಂಪಿನಲ್ಲಿಟ್ಟು, ದೂರದ ಊರಿನ ಸಂಶೋಧನೆಯವರಿಗೆ ಕಳಿಸಬೇಕಿತ್ತು. ದವಾಖಾನೆಗೆ ಕರೆಂಟಿಲ್ಲದ್ದರಿಂದ ಡಾಕ್ಟರು ಚಿಮಣಿ ಎಣ್ಣೆಯಿಂದ ನಡೆಯುವ ಕಪಾಟು ಕೇಳಿದರು. ಸರಕಾರ ಬಹಳ ವಿಚಾರ ಮಾಡಿ, ಟೆಂಡರು ಕರೆದು, ಎಲ್ಲಕ್ಕಿಂತ ಅಗ್ಗವೆಂದು ಕರೆಂಟಿನ ಕಪಾಟು ಕೊಂಡು ಕಳಿಸಿತು. ಎಣ್ಣೆಯ ಖರ್ಚೂ ಉಳಿಯಿತು, ನೋಡಿ.

ಬಂದದ್ದು ಮಾರ್ಚ್ ಕೊನೆಗೆ. ಆ ತಿಂಗಳೊಳಗೆ ಸಾಮಾನು ಬಂದು, ಪರೀಕ್ಷೆಯಾಗಿ, ಕಾಗದ ಮುಗಿಯದಿದ್ದರೆ ಮಂಜೂರಾತಿ ಸಾಯುತ್ತದಂತೆ. ಮಕ್ಕಳು ಸಾಯುವುದಕ್ಕೆ ಅಂಥ ಗಡುವೇನೂ ಇರಲಿಲ್ಲ. ಪೆಟ್ಟಿಗೆಯ ಮೊಳೆ ಕೀಳುವ ಮೊದಲೇ ಉಗ್ರಾಣದ ಕಾರಕೂನ ಕಾಗದ ಹಿಡಿದು ಬಂದ.

“ಒಂದ ಸಾಕ್ಷಿ ಕಡಿಮಿ ಬಿದ್ದೈತಿ. ಇಲ್ಲೆ ಹೆಬ್ಬಟ್ಟ ಒತ್ತು, ಬಸವ್ವಾ.”

“ಏನಂತ ಬರದೀರಿ?”

“ಸಾಮಾನ ಬಂದೈತಿ ಅಂತ. ಕಣ್ಣಿಗೆ ಕಾಣವಲ್ದೇನು?”

ಕಾಣುತ್ತಿತ್ತು. ಒತ್ತಿದೆ.

ಎರಡು ಮಳೆಗಾಲ ಕಳೆದವು. ಕಪಾಟು ಬದಲಿಸಿಕೊಡಿರೆಂದು ಡಾಕ್ಟರು ಬರೆಯುತ್ತಲೇ ಇದ್ದರು. ಆಗ ಸಾಂಬ್ರಾಣಿ ಎಂಬ ಹಳ್ಳಿಯಿಂದ ನನ್ನ ತಂಗಿ ತನ್ನ ಎಂಟು ವರ್ಷದ ಮಗಳು ನೀಲಾಳನ್ನು ಹೊತ್ತು ತಂದಳು. ಜ್ವರಕ್ಕೆ ಮೈ ಸೆಟೆದಿತ್ತು. ಬೆನ್ನಿನ ನೀರು ತೆಗೆಯುವಾಗ ಹುಡುಗಿಯನ್ನು ಅಲುಗದಂತೆ ಹಿಡಿದವಳು ನಾನೇ. ಶೀಶೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿದೆವು. ಮೂರನೆಯ ದಿನ ನೀಲಾ ಹೋದಳು.

ತಿಂಗಳ ಮೇಲೆ ಒಂದೇ ಟಪಾಲಿನಲ್ಲಿ ಎರಡು ಪತ್ರ ಬಂದವು. ಸಂಶೋಧನೆಯವರದು: ಕಳಿಸಿದ ನೀರು ಕೆಟ್ಟಿದೆ, ಇನ್ನೊಂದು ಕಳಿಸಿ. ಅವರೇನು, ಕೇಳುತ್ತಾರೆ, ನನ್ನ ತಂಗಿ ಇನ್ನೊಬ್ಬ ನೀಲಾಳನ್ನು ಎಲ್ಲಿಂದ ತರಬೇಕು? ಖರೀದಿ ಕಚೇರಿಯವರದು: ಕಪಾಟು ಬದಲಿಸಲು ಬರುವುದಿಲ್ಲ, ಪರೀಕ್ಷೆಯಾಗಿ ಚಾಲೂ ಇದೆಯೆಂದು ನೀವೇ ಬರೆದುಕೊಟ್ಟಿದ್ದೀರಿ. ಆ ಕಾಗದವನ್ನೂ ಜೊತೆಗಿಟ್ಟಿದ್ದರು.

ಡಾಕ್ಟರು ಓದಿ ಹೇಳಿ, ಕಾಗದವನ್ನು ನನ್ನ ಕಡೆ ತಿರುಗಿಸಿದರು.

“ಈ ಹೆಬ್ಬೆಟ್ಟು ಯಾರದು, ಬಸವ್ವ?”

“ನಂದ್ರೀ.”

ಕಾರಕೂನ ತಲೆ ಕೆರೆದುಕೊಂಡ. “ಎಲ್ಲಾ ಕಡೆ ಹಿಂಗ ಬರೀತಾರ್ರಿ, ಸಾಹೇಬ್ರ.”

ಸರಕಾರಕ್ಕೆ ಕಣ್ಣಿಲ್ಲವೆಂದು ನೀವೂ ಬೈಯುತ್ತೀರಿ, ನಾನೂ ಬೈದಿದ್ದೇನೆ. ಆದರೆ ಅದು ಎಲ್ಲಿಂದಲೋ ಕೈ ತರಿಸಿಕೊಳ್ಳುವುದಿಲ್ಲ, ನಮ್ಮವನ್ನೇ ಹಿಡಿದು ಒತ್ತಿಸಿಕೊಳ್ಳುತ್ತದೆ. ದವಾಖಾನೆಯಲ್ಲಿ ಕಪಾಟು ತಂಪಾಗಲು ಕರೆಂಟು ಬೇಕಿತ್ತು. ಕಾಗದದಲ್ಲಿ ತಂಪಾಗಲು ನನ್ನ ಬೆರಳಿನ ಮಸಿ ಸಾಕಾಯಿತು.

ಮರುದಿನ ಬೆಳಿಗ್ಗೆ ಕಸಬರಿಗೆ ಮುಟ್ಟುವ ಮೊದಲು ಊರ ಶಾಲೆಗೆ ಹೋಗಿ, ಒಂದನೆಯ ಇಯತ್ತೆಯ ಮಕ್ಕಳ ಹಿಂದೆ ಕೂತೆ. ಮಾಸ್ತರು ನಕ್ಕು, “ಹೆಸರ ಬರಿಯೂದ ಕಲೀತೀಯೇನ, ಯವ್ವಾ?” ಎಂದರು.

“ಹೆಸರ ಆಮ್ಯಾಲೆ ನೋಡೂಣ್ರಿ. ಮೊದಲ ‘ಚಾಲೂ ಇಲ್ಲ’ ಅಂತ ಬರಿಯೂದ ಕಲಸ್ರಿ,” ಎಂದು ಪಾಟಿ ಮುಂದೆ ಹಿಡಿದೆ.