ಘಾಟು ಬರದ ದೃಷ್ಟಿ

ಇಲ್ಲಿ ಕುದುರೆಯ ಹಲ್ಲಿಗೊಬ್ಬ ಡಾಕ್ಟರು, ಬೆನ್ನಿಗೊಬ್ಬ ಡಾಕ್ಟರು. ಸಾಲದ್ದಕ್ಕೆ ಕುದುರೆ ಹತ್ತುವವರ ಮನಸ್ಸು ನೋಡಲು ಇನ್ನೊಬ್ಬರು. ಶಿರಾದಲ್ಲಿ ಅಪ್ಪ ಜಟಕಾ ಓಡಿಸುತ್ತಿದ್ದಾಗ ನಮಗೂ ಕುದುರೆಗೂ ಸೇರಿ ಒಬ್ಬನೇ ನಾಟಿವೈದ್ಯನಿದ್ದ. ಜರ್ಮನಿಯ ಈ ಹಳ್ಳಿಯ ಲಾಯಕ್ಕೆ ಬಂದ ದಿನ ಇದನ್ನೆಲ್ಲ ಕಂಡು ನಗಬೇಕಿತ್ತು. ನಗು ಬರಲಿಲ್ಲ.

ಬೆಂಗಳೂರಿನ ಸವಾರಿ ಶಾಲೆಯೊಂದರಲ್ಲಿ ಕಲಿತು, ಕುದುರೆ ಮೈ ಉಜ್ಜುವ ಕೆಲಸಕ್ಕೆಂದು ಇಲ್ಲಿಗೆ ಬಂದವಳು ನಾನು. ಲಾಯದ ಮೇಲೆಯೇ ನನ್ನ ಕೋಣೆ. ಕೆಳಗೆ ಕುದುರೆಗೆ ಹಾಸಿದ ಹುಲ್ಲು ನನ್ನ ಹಾಸಿಗೆಗಿಂತ ಮೆತ್ತಗಿದೆ. ಊರಿಂದ ತಂದ ರಾಗಿ ಹಿಟ್ಟು ಮುಗಿದ ಮೇಲೆ ಕರಿ ಬ್ರೆಡ್ಡು ತಿನ್ನುತ್ತೇನೆ. ಹೊಟ್ಟೆಗೂ ದೂರಿಲ್ಲ, ನಾಲಿಗೆಗೂ ದೂರಿಲ್ಲ. ಇಲ್ಲಿ ನಾನು ಮೊದಲು ಕಲಿತ ಮಾತು 'ರೂಹಿಗ್', ಅಂದರೆ ಸಮಾಧಾನ. ಬೆದರಿದ ಕುದುರೆಗೂ ಅಳುವ ಮಗುವಿಗೂ ಇವರದು ಇದೊಂದೇ ಮಾತು. ನಮ್ಮಲ್ಲಿ ಕುದುರೆಗೆ 'ಹೋ ಹೋ', ಮಗುವಿಗೆ ಬೇರೆ.

ಬೇಸಿಗೆಯ ಜಂಪಿಂಗ್ ಸ್ಪರ್ಧೆಯಲ್ಲಿ ಲೋಟೆ ಎಂಬ ಕಂದು ಕುದುರೆಯನ್ನು ಚೆನ್ನಾಗಿ ಹಾರಿಸಿದರೆ ನನಗೆ ಸವಾರಿಯ ಕೆಲಸ ಸಿಕ್ಕು ಇಲ್ಲೇ ಉಳಿಯಬಹುದು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಆದರೆ ಅಭ್ಯಾಸದಲ್ಲಿ ಲೋಟೆ ಅಡ್ಡಕೋಲಿನ ಮುಂದೆ ಬಂದು ಗಕ್ಕನೆ ನಿಂತುಬಿಡುತ್ತಿದ್ದಳು.

ಸವಾರರ ಮನಸ್ಸು ನೋಡುವ ಡಾಕ್ಟರು, ಆಂಕೆ ಎಂಬವರು, ಹೇಳಿದರು: "ಉಳಿದವರಿಗೆ ಭಯ ಹೆಚ್ಚು. ನಿನಗೆ ಭಯವೂ ಇಲ್ಲ, ಏನೂ ಇಲ್ಲ. ಬೆನ್ನ ಮೇಲೆ ಯಾರಾದರೂ ಇದ್ದಾರೋ ಇಲ್ಲವೋ ಅಂತ ಅದಕ್ಕೆ ತಿಳಿಯುತ್ತಿಲ್ಲ."

ನಿಜ. ಒಳಗೆಲ್ಲ ಜೋಮು ಹಿಡಿದಂತಿತ್ತು.

ಕಣಕ್ಕಿಳಿಯುವ ಮುಂಚೆ ಪ್ರತಿಸಲವೂ ಒಂದೇ ಕೆಲಸ ಮಾಡಬೇಕಂತೆ, ಆಗ ಮೈ ಎಚ್ಚರಾಗುತ್ತದಂತೆ. ಒಬ್ಬರು ಕಣ್ಣು ಮುಚ್ಚಿ ಉಸಿರೆಳೆಯುತ್ತಾರೆ, ಇನ್ನೊಬ್ಬರು ಹಾಡು ಗುನುಗುತ್ತಾರೆ. "ನಿಮ್ಮ ಮನೆಯಲ್ಲಿ ದೊಡ್ಡ ಕೆಲಸಕ್ಕೆ ಹೊರಡುವಾಗ ಏನು ಮಾಡುತ್ತಿದ್ದರು?" ಎಂದು ಆಂಕೆ ಕೇಳಿದರು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು ಎಂದೆ. ಹುಲ್ಲಿನ ಲಾಯದಲ್ಲಿ ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಅವ್ವ ಶಿರಾ ಹತ್ತಿರದ ನಮ್ಮೂರು ತಾವರೆಕೆರೆಯಲ್ಲಿ ಕೂತು ವಿಡಿಯೋ ಕಾಲ್‌ನಲ್ಲೇ ದೃಷ್ಟಿ ತೆಗೆಯತೊಡಗಿದಳು.

"ಕುದ್ರೆನೂ ತೋರ್ಸು ಕಣಮ್ಮ, ಅದ್ಕೂ ಆಗಿರ್ತದೆ. ಘಾಟು ಬಂತಾ?"

"ಫೋನಲ್ಲಿ ಹೆಂಗವ್ವ ಬತ್ತದೆ?"

"ಬರ್ಲಿಲ್ಲ ಅಂದ್ರೆ ಬಾರಿ ದಿಷ್ಟಿ ಆಗದೆ ಅಂತ ಕಣಮ್ಮ!"

ಘಾಟು ಬರದಿದ್ದರೂ ಅವಳು ಕೆಮ್ಮುವುದನ್ನು ನೋಡಿ ನನ್ನ ಗಂಟಲಲ್ಲಿ ಏನೋ ಕೆರೆದಂತಾಗುತ್ತಿತ್ತು. ಅಂಥ ದಿನ ಲೋಟೆ ಹಾರುತ್ತಿದ್ದಳು.

ಸ್ಪರ್ಧೆಯ ದಿನವೂ ಅವ್ವ ನಿವಾಳಿಸಿದಳು, ಕೆಮ್ಮಿದಳು. ಲೋಟೆ ಒಂದು ಕೋಲನ್ನೂ ಬೀಳಿಸಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಲಾಯದ ಯಜಮಾನ ಕೈ ಕುಲುಕಿದ. ನನಗೆ ಮತ್ತೆ ಜೋಮು. ಇಳಿದು ಅವ್ವನಿಗೆ ಫೋನು ಮಾಡಿದೆ.

"ಗೆದ್ದೆ ಕಣವ್ವ. ಇಲ್ಲೇ ಕೆಲ್ಸ ಖಾಯಂ ಆಯ್ತು."

"ಇವತ್ತು ನಿಂಗೆ ದಿಷ್ಟಿ ತೆಗೀಲಿಲ್ಲ ಕಣಮ್ಮ," ಎಂದಳು ಅವ್ವ. "ಕುದ್ರೆಗೆ ಮಾತ್ರ ನಿವಾಳಿಸ್ದೆ, ಅದು ಬೀಳ್ಬಾರ್ದು ಅಂತ. ನೀನು ಸೋತ್ರೆ ಊರಿಗೆ ಬಂದ್ಬುಡ್ತೀಯಲ್ಲ ಅಂತ ಆಸೆ." ಆಮೇಲೆ ಅತ್ತಳು.

ನನಗೇ ಗೊತ್ತಿಲ್ಲದೆ ಕೈಲಿದ್ದ ಲಗಾಮನ್ನು ಎಳೆದುಬಿಟ್ಟೆ. ಲೋಟೆ ನನ್ನ ಕಡೆ ಕಿವಿ ತಿರುಗಿಸಿದಳು. ಅವ್ವನ ಅಳು ನಿಲ್ಲಿಸಲು ಬಾಯಿಗೆ ಬಂದದ್ದನ್ನು ಹೇಳಿದೆ: "ರೂಹಿಗ್, ರೂಹಿಗ್."

"ಅಂಗಂದ್ರೇನಮ್ಮ?" ಎಂದಳು ಅವ್ವ.