ಹಸೀನಾ ಓದದ ನಲವತ್ತು ಪುಟ

ನಾನು ಹೇಳುತ್ತಿರುವ ಕಾಲಕ್ಕೆ ನಿಪ್ಪಾಣಿಯ ನಮ್ಮ ಓಣಿಯಲ್ಲಿ ತಂಬಾಕಿನ ವಾಸನೆ ಹತ್ತದ ವಸ್ತು ಒಂದೂ ಇರಲಿಲ್ಲ. ಒಣಹಾಕಿದ ಓಢಣಿಗೂ ಅದೇ ವಾಸನೆ, ಚಹಾದ ಬಟ್ಟಲಿಗೂ ಅದೇ ವಾಸನೆ. ಊರಿಗೆ ಬಂದ ನೆಂಟರು ಮೊದಲು ನಾಲ್ಕು ಸೀನು ಸೀನಿ, ಆಮೇಲೆ ಆರಾಮ ಕೇಳುತ್ತಿದ್ದರು. ಎರಡು ಸಾವಿರ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಶಾಲೆಯ ಏಳನೇ ಇಯತ್ತೆಯಲ್ಲಿದ್ದೆ.

ಇದನ್ನೀಗ ಬರೆಯಲು ಕಾರಣ ನಮ್ಮ ಓದುಗರ ಬಳಗ. ಪ್ರತಿ ರವಿವಾರ ಯಾರಾದರೂ ಫೋನಿನಲ್ಲಿ ಕೇಳುತ್ತಾರೆ, ಈ ವಾರ ಏನು ಓದುತ್ತಿದ್ದೀರಿ, ಯಾರು ಓದಬೇಕು ಅನ್ನುತ್ತೀರಿ ಎಂದು. ನಾನು ನಾಲ್ಕು ಸಾಲು ಬರೆದು ಹಾಕುತ್ತೇನೆ. ಶಹಬ್ಬಾಸ್ ಬರುತ್ತದೆ. ಮೊನ್ನೆ ಒಬ್ಬರು, "ನಿಮಗೆ ಓದಿನ ಹುಚ್ಚು ಹತ್ತಿಸಿದವರು ಯಾರು?" ಎಂದು ಕೇಳಿದರು. "ನಮ್ಮ ಸಾಲಿ ಅಕ್ಕೋರು" ಎಂದು ಬರೆದುಬಿಟ್ಟೆ. ಬರೆದ ಮೇಲೆ ಊಟ ಸೇರಲಿಲ್ಲ. ಯಾಕೆಂದು ಹೇಳಿಬಿಡುತ್ತೇನೆ, ಆಮೇಲೆ ನೀವು ಬಯ್ದರೂ ಚಿಂತೆಯಿಲ್ಲ.

ನಮಗೆ ಕನ್ನಡ ಕಲಿಸುವ ಅಕ್ಕೋರ ಹತ್ತಿರ ಒಂದು ತಗಡಿನ ಟ್ರಂಕು ಇತ್ತು, ಅದೇ ನಮ್ಮ ಶಾಲೆಯ ಲೈಬ್ರರಿ. ಶನಿವಾರ ಮುಂಜಾನೆ ಸಾಲಿ, ಕೊನೆಯ ತಾಸು ಪುಸ್ತಕದ್ದು. ಒಬ್ಬೊಬ್ಬರೂ ಎದ್ದು ನಿಂತು ಯಾವ ಪುಸ್ತಕ ಓದುತ್ತಿದ್ದೇವೆ, ಅದನ್ನು ಮುಂದೆ ಯಾರು ಓದಬೇಕು, ಯಾಕೆ ಓದಬೇಕು ಎಂದು ಹೇಳಬೇಕು. "ಚಲೋ ಐತ್ರಿ" ಎಂದು ಕೂತರೆ ಅಕ್ಕೋರು ಬಿಡುತ್ತಿರಲಿಲ್ಲ.

"ಯಾರಿಗೆ ಚಲೋ ಐತಿ? ಊಟಾ ಎಲ್ಲಾರಿಗೂ ಒಂದ ಇರ್ತೈತೇನ? ಒಬ್ಬಗ ಖಾರ ಬೇಕು, ಒಬ್ಬಗ ಸಿಹಿ ಬೇಕು. ಹೆಸರು ಹಿಡದ ಹೇಳ್ರಿ" ಎನ್ನುತ್ತಿದ್ದರು.

ಪ್ರತಿ ಪುಸ್ತಕದ ಹಿಂದೆ ಗೆರೆ ಹಾಕಿದ ಒಂದು ಕಾಗದ ಅಂಟಿಸಿದ್ದರು. ಓದಿದವರು ತಮ್ಮ ಹೆಸರು ಬರೆದು, ಮುಂದಿನವರಿಗೆ ಒಂದು ಮಾತು ಬರೆಯಬೇಕು. ಆ ವರ್ಷ ಎಲ್ಲಕ್ಕಿಂತ ಹೆಚ್ಚು ಕಾಗದಗಳ ಮೇಲೆ ಇದ್ದ ಹೆಸರು ನನ್ನದು.

ಖರೇ ಹೇಳಬೇಕೆಂದರೆ ನನಗೆ ಆಗ ಓದೆಂದರೆ ತಲೆನೋವು. ಮೂರನೇ ಪುಟಕ್ಕೆ ಆಕಳಿಕೆ, ನಾಲ್ಕಕ್ಕೆ ನಿದ್ದೆ. ಗಜಗ ಆಡು ಅನ್ನಿ, ಕುಂಟಲಿಪಿ ಆಡು ಅನ್ನಿ, ಹೊತ್ತು ಮುಳುಗುವತನಕ ಆಡುತ್ತಿದ್ದೆ. ಓದುತ್ತಿದ್ದವಳು ಹಸೀನಾ.

ಹಸೀನಾ ನಮ್ಮ ಎದುರು ಮನೆಯವಳು. ನನಗಿಂತ ಎರಡು ವರ್ಷ ದೊಡ್ಡವಳು. ಅವಳ ಅಬ್ಬಾ ಭಿವಂಡಿಗೆ ಮಗ್ಗದ ಕೆಲಸಕ್ಕೆಂದು ಹೋದವರು ಮೊದಮೊದಲು ಪತ್ರ ಹಾಕುತ್ತಿದ್ದರು, ಆಮೇಲೆ ಅದೂ ನಿಂತಿತು. ಆರನೇ ಇಯತ್ತೆ ಮುಗಿದದ್ದೇ ಅವಳು ಶಾಲೆ ಬಿಟ್ಟು ತಾಯಿಯ ಜೊತೆ ಬೀಡಿ ಕಟ್ಟಲು ಕೂತಳು. ಆ ತಾಯಿಯನ್ನು ನಾನು ಚಾಚಿ ಅನ್ನುತ್ತಿದ್ದೆ. ಚಾಚಿಯದು ಮಾತು ಕಡಿಮೆ, ಆದರೆ ನಾನು ಹೋದರೆ ಚಹಾದಲ್ಲಿ ಅದ್ದಿಕೊಳ್ಳಲು ಖಾರಿ ಕೊಡದೆ ಕಳಿಸುತ್ತಿರಲಿಲ್ಲ. ಭಿವಂಡಿಯಿಂದ ಯಾರಾದರೂ ಬಂದರೆಂದು ಸುದ್ದಿ ಸಿಕ್ಕರೆ ಸಾಕು, ತಾಯಿ ಮಗಳಿಬ್ಬರೂ ಕೈ ತೊಳೆಯದೆ ಓಡುತ್ತಿದ್ದರು. ತಿರುಗಿ ಬಂದು ಮತ್ತೆ ಎಲೆ ಕತ್ತರಿಸಲು ಕೂಡುತ್ತಿದ್ದರು.

ಅವಳು ಓದುವ ರೀತಿಯೇ ಬೇರೆ. ಹೊಸ್ತಿಲ ಹತ್ತಿರ ಬೆಳಕಿಗೆ ಮುಖ ಮಾಡಿ ಕೂತು, ತೊಡೆಯ ಮೇಲೆ ತಂಬಾಕು ತುಂಬಿದ ಮೊರ ಇಟ್ಟುಕೊಳ್ಳುತ್ತಿದ್ದಳು. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಎಲೆ ಪಕ್ಕಕ್ಕೆ. ಎದುರಿಗೆ ಪುಸ್ತಕ ಬಿಚ್ಚಿ, ಎಲೆ ಕತ್ತರಿಸುವ ಅಳತೆಯ ತಗಡನ್ನೇ ಅದರ ಮೇಲೆ ಅಡ್ಡ ಇಡುತ್ತಿದ್ದಳು, ಹಾಳೆ ಹಾರದಿರಲೆಂದು. ಕೈ ತನ್ನ ಪಾಡಿಗೆ ಎಲೆ ಸುತ್ತಿ, ತುದಿ ಮಡಚಿ, ದಾರ ಬಿಗಿಯುತ್ತಿತ್ತು. ಇಪ್ಪತ್ತೈದು ಬೀಡಿಯ ಒಂದು ಕಟ್ಟು ಮುಗಿದರೆ ಒಂದು ಹಾಳೆ ತಿರುವುವುದು ಅವಳ ನೇಮ. ಕಥೆ ಎಷ್ಟೇ ಜೋರಾಗಿದ್ದರೂ ಕಟ್ಟು ಮುಗಿಯದೆ ಹಾಳೆ ತಿರುವುತ್ತಿರಲಿಲ್ಲ.

"ಮುಂದ ಏನಾತಂತ ಹೊಟ್ಯಾಗ ಗುಳುಗುಳು ಅಂತೈತಿ ನೋಡ್ ಸುಮಿ, ಅವಾಗ ಕೈ ಭಾಳ ಲಗೂ ನಡೀತಾವು" ಎಂದು ನಗುತ್ತಿದ್ದಳು.

ಪುಸ್ತಕ ನನ್ನ ಹೆಸರಿನಲ್ಲಿ ಬರುತ್ತಿತ್ತು. ನಾನೇ ದಪ್ತರದ ಚೀಲದಲ್ಲಿ ಹಾಕಿಕೊಂಡು ತಂದು, ಚಾಚಿ ಬೀಡಿ ಹಾಕಿ ಬರಲು ಕಾರ್ಖಾನೆಗೆ ಹೋದಾಗ ಅವಳಿಗೆ ಕೊಡುತ್ತಿದ್ದೆ. ಗುರುವಾರ, ಶುಕ್ರವಾರ ಸಂಜೆ ಅವಳ ಮುಂದೆ ಕೂತು ದಾರ ಬಿಡಿಸಿಕೊಡುತ್ತ ಕಥೆ ಕೇಳುತ್ತಿದ್ದೆ. ಅದಕ್ಕೆ ಯಾರು ಸರಿ ಎಂಬುದನ್ನೂ ಅವಳೇ ಹೇಳುತ್ತಿದ್ದಳು. "ಇದನ್ನ ಆ ಭೋಜದಿಂದ ಬರ್ತಾಳಲ್ಲ, ಶೋಭಾ, ಅಕಿಗೆ ಕೊಡ್ಸು. ಅಕಿ ಸಣ್ಣಕಿದ್ದಾಗ ತಾಯಿ ಹೋಗ್ಯಾಳ. ಇದರಾಗಿನ ಹುಡುಗೀಗೂ ತಾಯಿ ಇಲ್ಲ, ಆದ್ರೂ ಭಾಳ ನಗಸ್ತಾಳ." ಶನಿವಾರ ನಾನು ಎದ್ದು ನಿಂತು ಅದನ್ನೇ ಒದರುತ್ತಿದ್ದೆ. ಶೋಭಾ ಆ ಪುಸ್ತಕ ಒಯ್ದು ಒಂದು ತಿಂಗಳು ವಾಪಸು ಕೊಡಲೇ ಇಲ್ಲ. ಅಕ್ಕೋರು ನನ್ನ ತಲೆ ಸವರಿ, "ಮಂದೀನ ಓದಾಕ ಬರ್ತೈತಿ ನಿನಗ" ಎಂದಿದ್ದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ನಾನು ಜಾತ್ರೆ ಮಾಡುತ್ತಲೇ ಇದ್ದೆ, ನಾಚಿಕೆ ಎಂಬುದು ಹತ್ತಿರ ಸುಳಿದಿರಲಿಲ್ಲ.

ಕಬ್ಬಿನ ಗಾಡಿಗಳು ಓಡಾಡತೊಡಗಿದ ಚಳಿಗಾಲದಲ್ಲಿ ಒಂದು ದಪ್ಪ ಪುಸ್ತಕ ತಂದುಕೊಟ್ಟೆ. ರಟ್ಟು ಇಲಿ ತಿಂದು ಹೆಸರೇ ಇರಲಿಲ್ಲ, ನಾವು ಅದನ್ನು ದೋಣಿ ಪುಸ್ತಕ ಅನ್ನುತ್ತಿದ್ದೆವು. ಕಡಲಿಗೆ ಹೋಗಿ ತಿರುಗಿ ಬಾರದ ಅಪ್ಪನನ್ನು ಹುಡುಕುತ್ತ ಒಬ್ಬ ಹುಡುಗಿ ದೋಣಿಯವರಿಗೆ ಅಡುಗೆ ಮಾಡಿಕೊಂಡು ಊರಿಂದೂರಿಗೆ ಹೋಗುವ ಕಥೆ. ಹಸೀನಾ ಆ ಪುಸ್ತಕ ಹಿಡಿದ ಮೇಲೆ ನಗುವುದು ಕಡಿಮೆಯಾಯಿತು. ಕಥೆಯನ್ನೂ ನನಗೆ ಪೂರ್ತಿ ಹೇಳುತ್ತಿರಲಿಲ್ಲ. "ತಡಿ, ಅವ ಸಿಗೂತನಕ ತಡಿ" ಎನ್ನುತ್ತಿದ್ದಳು. ಮೂರು ವಾರವಾದರೂ ಬಿಡಲಿಲ್ಲ. ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಓದುತ್ತಿದ್ದಳೆಂದು ಕಾಣುತ್ತದೆ.

ಆಗಲೇ ಆ ಶನಿವಾರ ಬಂತು.

ಅಕ್ಕೋರು ಟ್ರಂಕಿನಿಂದ ಹಳೆಯ ನಾಲ್ಕೈದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಒಂದನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. "ಈ ಪುಸ್ತಕದಾಗ ಹಾಳಿ ಹಾಳಿಗೂ ಕಂದು ಹೆಬ್ಬೆರಳು ಮೂಡ್ಯಾವು. ಮೊದಲಿಂದ ಹಿಡದ ಕಡೀತನಕ. ಸುಮಿತ್ರಾ, ಹೆಸರ ನಿಂದ ಐತಿ. ನಿನ್ನ ಕೈ ತೋರ್ಸು."

ನನ್ನ ಕೈ ಬೆಳ್ಳಗಿದ್ದವು. ನಮ್ಮಪ್ಪ ಬಸ್ ಕಂಡಕ್ಟರು, ನಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಿರಲಿಲ್ಲ.

"ಹಂಗಾದ್ರ ಈ ಕೈ ಯಾರವು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಈಗ ಗೊತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದು. ಪುಸ್ತಕಕ್ಕೆ ಕಲೆ ಮಾಡಿದ್ದಕ್ಕೆ ಬಡಿಯುತ್ತಾರೆ, ಅದಕ್ಕಿಂತ ಹೆಚ್ಚಾಗಿ ನಾನು ಒಂದೂ ಓದಿಲ್ಲವೆಂಬುದು ಇಡೀ ಕ್ಲಾಸಿಗೆ ಗೊತ್ತಾಗುತ್ತದೆ ಎಂದು ಅಂಜಿದೆ. ಬಾಯಿ ತಾನೇ ತೆರೆಯಿತು.

"ಹಸೀನಾರಿ. ನಮ್ಮ ಎದುರು ಮನಿಯಾಕಿ. ನಾ ಇಲ್ಲದಾಗ ನನ್ನ ದಪ್ತರದಾಗಿಂದ ಕೇಳದ ಒಯ್ತಾಳ್ರಿ."

ಹಿಂದಿನ ಸಾಲಿನಿಂದ ಯಾರೋ, "ಹೋ, ಕಳು ಮಾಡ್ತಾಳನ್ನು!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕೋರು ನಗಲಿಲ್ಲ, ಪುಸ್ತಕ ಮುಚ್ಚಿ, "ಕುಂದರು" ಎಂದರು.

ನಮ್ಮ ಓಣಿಯ ಹುಡುಗಿಯರು ಕ್ಲಾಸಿನಲ್ಲಿ ಐದಾರು ಜನ ಇದ್ದರು. ನಾನು ಮನೆ ಮುಟ್ಟುವ ಮೊದಲೇ ಮಾತು ಮುಟ್ಟಿತ್ತು.

ಸೋಮವಾರ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಚಾಚಿ ಶಾಲೆಗೆ ಬಂದರು. ದೋಣಿ ಪುಸ್ತಕವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅದನ್ನು ಅಕ್ಕೋರ ಮೇಜಿನ ಮೇಲಿಟ್ಟು, ನಿಂತೇ ಮಾತಾಡಿದರು.

"ನಮ್ಮ ಹುಡುಗಿ ಬೀಡಿ ಕಟ್ತಾಳ್ರಿ ಅಕ್ಕೋರ. ಕಳು ಮಾಡಂಗಿಲ್ಲ."

"ಕಳು ಅಂತ ನಾ ಅಂದಿಲ್ರೆವಾ. ಇಷ್ಟು ಓದೂ ಕೈ ಯಾರವು, ನೋಡಬೇಕಂತ ಕೇಳಿದೆ. ಅಕೀನ ಶನಿವಾರ ಇಲ್ಲೇ ಕಳಸ್ರಿ. ನಾನ ಅಕಿ ಹೆಸರಿಗೆ ಪುಸ್ತಕ ಕೊಡ್ತೇನಿ. ಸಾಲಿಗೂ ತಿರುಗಿ ಹಚ್ಚೋಣು."

ಚಾಚಿ ತಲೆ ಅಲ್ಲಾಡಿಸಿದರು. "ಬ್ಯಾಡ್ರಿ. ಗಂಡಸಿಲ್ಲದ ಮನಿ. ಮಗಳು ಕಳ್ಳಿ ಅನಿಸ್ಕೊಂಡ ಮ್ಯಾಲ ಆ ಪುಸ್ತಕದ್ದ ನೆಳ್ಳೂ ಬ್ಯಾಡ ನಮಗ."

ನಾನು ಮೂರನೇ ಬೆಂಚಿನಲ್ಲಿ ಕೂತು ಇದೆಲ್ಲ ಕೇಳಿದೆ. ಎದ್ದು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ನಾನ ಕೊಟ್ಟೇನ್ರಿ’ ಅಷ್ಟೆ. ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತೆ. ಚಾಚಿ ಹೋಗುವಾಗ ನನ್ನ ಕಡೆಗೆ ನೋಡಲಿಲ್ಲ. ಅಂದರೆ ಪುಸ್ತಕ ನಾನೇ ಕೈಯಾರೆ ಕೊಟ್ಟದ್ದೆಂದು ಹಸೀನಾ ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಆಕೆ ನನ್ನನ್ನು ಅಲ್ಲೇ ಎಬ್ಬಿಸಿ ಕೇಳುತ್ತಿದ್ದರು.

ನಾಲ್ಕು ದಿನ ಎದುರು ಮನೆ ದಾಟಲು ಅಂಜಿ ಹಿತ್ತಿಲಿನಿಂದ ಸುತ್ತಿ ಹೋದೆ. ಐದನೇ ದಿನ ಅವ್ವ ಕೊತ್ತಂಬರಿ ಇಸಿದುಕೊಂಡು ಬಾ ಎಂದು ಅವರ ಮನೆಗೇ ಅಟ್ಟಿದಳು. ಚಾಚಿ ಒಳಗಿದ್ದರು. ಹಸೀನಾ ಹೊಸ್ತಿಲಲ್ಲೇ ಕೂತಿದ್ದಳು, ಎದುರಿಗೆ ಪುಸ್ತಕವಿರಲಿಲ್ಲ. ಅಳತೆಯ ತಗಡು ಬರಿಯ ನೆಲದ ಮೇಲಿತ್ತು. ನನ್ನ ಕಾಲು ಕಂಡು ತಲೆ ಎತ್ತಿದಳು. ಈಗ ಬಯ್ಯುತ್ತಾಳೆ, ಬಯ್ಯಲಿ, ಹೊಡೆಯಲಿ ಎಂದುಕೊಂಡೆ.

ಅವಳು ಒಳಗೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು: "ಸುಮಿ, ಪುಸ್ತಕ ಈಗ ನಿನ್ನ ಹಂತ್ಯಾಕ ಬಂದಿರಬೇಕಲ್ಲ? ನಂದಿನ್ನ ನಲವತ್ತ ಪುಟ ಉಳದಿತ್ತು. ಅಷ್ಟ ಹೇಳಿಬಿಡು. ಅಕಿ ಅಪ್ಪ ಸಿಕ್ಕನೇನ?"

ಪುಸ್ತಕ ಬಂದಿದ್ದು ಹೌದು. ಶನಿವಾರದ ದಾರಿ ಕಾಯದೆ ಟ್ರಂಕಿನಿಂದ ಅದನ್ನು ಮತ್ತೆ ನನ್ನ ಹೆಸರಿಗೇ ಬರೆಸಿಕೊಂಡಿದ್ದೆ, ಓದದಿದ್ದರೆ ಸಂಶಯ ಬಂದೀತೆಂದು. ಅದು ಗೋಡೆಯ ಗೂಡಿನಲ್ಲಿ ಬಿದ್ದಿತ್ತು. ಒಂದು ಹಾಳೆ ತಿರುವಿರಲಿಲ್ಲ. ‘ತಡಿ, ಓದಿ ಹೇಳ್ತೇನಿ’ ಅನ್ನಬಹುದಿತ್ತು. ಆದರೆ ಅವಳ ಮುಖ ನೋಡಲು ಆಗಲಿಲ್ಲ, ಅಲ್ಲಿಂದ ಓಡಿಹೋದರೆ ಸಾಕಾಗಿತ್ತು.

"ಹೂಂ. ಸಿಕ್ಕ" ಎಂದೆ.

"ಎಲ್ಲಿ? ಕಡೇ ಬಂದರದಾಗ?"

"ಹೂಂ. ಅಲ್ಲೇ ಅಡಗಿ ಮಾಡ್ಕೊಂಡಿದ್ದ. ಅಕೀನ ಗುರ್ತ ಹಿಡದ. ಇಬ್ಬರೂ ಮನಿಗೆ ಬಂದ್ರು."

ಹಸೀನಾ ಕಣ್ಣು ಮುಚ್ಚಿದಳು. "ನಂಗೊತ್ತಿತ್ತು" ಎಂದಳು. "ಬಂದ ಬರ್ತಾನಂತ ನಂಗೊತ್ತಿತ್ತು." ಆಮೇಲೆ ಕೆಂದುಬಣ್ಣದ ಆ ಬೆರಳುಗಳು ಮತ್ತೆ ಎಲೆ ಸುತ್ತತೊಡಗಿದವು. ನಾನು ಕೊತ್ತಂಬರಿ ಇಸಿದುಕೊಳ್ಳದೆಯೇ ಮನೆಗೆ ಬಂದೆ, ಅವ್ವನ ಕೈಯಲ್ಲಿ ಬೈಸಿಕೊಂಡೆ.

ವರ್ಷದ ಕೊನೆಗೆ ಅಕ್ಕೋರು ಹೆಚ್ಚು ಓದಿದವರಿಗೆ ಬಹುಮಾನವೆಂದು ನನ್ನ ಹೆಸರು ಕರೆದರು. ಕೊಟ್ಟದ್ದು ಅದೇ ದೋಣಿ ಪುಸ್ತಕ. ರಟ್ಟಿಗೆ ಖಾಕಿ ಕಾಗದ ಹಾಕಿದ್ದರು. ಚಪ್ಪಾಳೆಯ ನಡುವೆ ನನಗಷ್ಟೇ ಕೇಳುವಂತೆ, "ಇದೊಂದರ ನೀನ ಓದವಾ" ಎಂದರು. ಅವರಿಗೆ ಎಲ್ಲ ಗೊತ್ತಿತ್ತೆಂದು ಆಗ ತಿಳಿಯಿತು. ಚಾಚಿಯ ಮನೆಗೆ ಅವರು ಮತ್ತೆ ಎರಡು ಸಲ ಹೋಗಿ ಬಂದಿದ್ದರೆಂದು ಅವ್ವನಿಂದ ತಿಳಿಯಿತು. ಚಾಚಿ ಚಹಾ ಕೊಟ್ಟು, ಮಾತು ಕೊಡದೆ ಕಳಿಸಿದ್ದರಂತೆ.

ಬೇಸಿಗೆ ಸೂಟಿಯಲ್ಲಿ ಆ ಪುಸ್ತಕ ಹಿಡಿದು ಕೂತೆ. ನಾನು ಪೂರ್ತಿ ಓದಿದ ಮೊದಲ ಪುಸ್ತಕ ಅದು. ಅದರಲ್ಲಿ ಅಪ್ಪ ಸಿಗುವುದಿಲ್ಲ. ಕಡೆಯ ಬಂದರಿನಲ್ಲಿ ಆ ಹುಡುಗಿ ಇಡೀ ದಿನ ದಂಡೆಯ ಮೇಲೆ ಕೂತಿದ್ದು, ಸಂಜೆ ಎದ್ದು, ಇನ್ನು ಮೇಲೆ ಯಾರನ್ನೂ ಕೇಳುವುದಿಲ್ಲ ಎನ್ನುತ್ತಾಳೆ. ದೋಣಿ ನಡೆಸುವುದನ್ನು ಕಲಿಯುತ್ತಾಳೆ. ಕೊನೆಯ ಪುಟದಲ್ಲಿ ಚುಕ್ಕಾಣಿ ಅವಳ ಕೈಯಲ್ಲಿದೆ. ಹಸೀನಾಗೆ ಬೇಕಾಗಿದ್ದ ಕಥೆ ಅದು. ಅಂಥದ್ದೊಂದನ್ನು ಅವಳಿಗೆಂದೇ ಯಾರೋ ಬರೆದಿಟ್ಟಿದ್ದರು, ನಾನು ಅಡ್ಡ ನಿಂತು ನನ್ನದೊಂದು ಸುಳ್ಳು ಕೊಟ್ಟೆ. ಹೋಗಿ ಹೇಳಬೇಕೆಂದು ಎಷ್ಟೋ ಸಲ ಅವರ ಹೊಸ್ತಿಲವರೆಗೆ ಹೋಗಿ ತಿರುಗಿ ಬಂದೆ. ಅಷ್ಟರಲ್ಲಿ ಅಪ್ಪನಿಗೆ ಅಥಣಿಗೆ ಬದಲಿಯಾಯಿತು, ನಾವು ಊರು ಬಿಟ್ಟೆವು.

ಹತ್ತು ಹನ್ನೆರಡು ವರ್ಷದ ಮೇಲೆ ಒಂದು ಮದುವೆಗೆಂದು ನಿಪ್ಪಾಣಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಏ ಸುಮಿ!" ಎಂದು ಕೂಗಿದರು. ಹಸೀನಾ! ಕಂಕುಳಲ್ಲಿ ಒಂದು ಕೂಸು, ಕೈ ಹಿಡಿದ ಇನ್ನೊಂದು ಹುಡುಗಿ. ಬೋರಗಾಂವಕ್ಕೆ ಕೊಟ್ಟಿದ್ದರಂತೆ, ಅಲ್ಲಿಯೂ ಬೀಡಿ ಕಟ್ಟುತ್ತಾಳಂತೆ. ಬೆರಳು ಅದೇ ಬಣ್ಣ. ನಾನು, "ಹಸೀನಾ, ಅವತ್ತ ಸಾಲ್ಯಾಗ ನಾನು ಸುಳ್ಳ…" ಎಂದು ಶುರು ಮಾಡಿದೆ.

"ಬಿಡಬೇ, ಹುಡುಗಾಟಕಿ. ಇನ್ನೂ ಅದನ್ನ ಹಿಡ್ಕೊಂಡ ಕುಂತಿಯೇನ?" ಎಂದು ನನ್ನ ಬೆನ್ನಿಗೆ ಗುದ್ದಿದಳು. "ನಿಂದ ಉಪಕಾರ ಆತು ನೋಡು. ಆ ದೋಣಿ ಕಥಿ, ನೀ ಕಡೀಗೆ ಹೇಳಿದೆಲ್ಲ, ಅದನ್ನ ಓಣ್ಯಾಗ ಎಷ್ಟ ಮಂದಿಗೆ ಹೇಳೇನಿ! ಕಡೀಗೆ ಅಪ್ಪ ಗುರ್ತ ಹಿಡೀತಾನಲ್ಲ, ಅಲ್ಲೇ ಎಲ್ಲಾರೂ ಕೈ ನಿಲ್ಲಿಸಿ ಅಳ್ತಾರ."

"ನಿಮ್ಮ ಅಬ್ಬಾ…?" ಎಂದೆ.

"ಇಲ್ಲ, ಬರ್ಲಿಲ್ಲ. ಅಮ್ಮೀನೂ ಹ್ವಾದ ವರ್ಷ ಹೋದ್ಲು, ಹಾದಿ ನೋಡ್ಕೋತನ." ಕೂಸನ್ನು ಇನ್ನೊಂದು ಕಂಕುಳಕ್ಕೆ ಬದಲಿಸಿದಳು. "ನಮಗ ಸಿಗದಿದ್ರ ಏನಾತು, ಅಕಿಗರ ಸಿಕ್ಕನಲ್ಲ. ಅಷ್ಟ ಸಾಕು."

ಕಥೆಯ ನಿಜವಾದ ಕೊನೆ ಈಗ ಹೇಳಿದರೆ ಅವಳಿಂದ ಇನ್ನೊಂದನ್ನು ಕಸಿದುಕೊಂಡಂತೆ ಆಗುತ್ತಿತ್ತು. ಅವಳೇ ಕೇಳಿದಳು, "ಈಗೇನ ಓದಾಕತ್ತೀ? ಏನರ ಚಲೋದಿದ್ರ ಹೇಳು." ಚೀಲದಲ್ಲಿದ್ದ ಪುಸ್ತಕ ತೆಗೆದುಕೊಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಬಿಡುವಿದ್ದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಬ್ಯಾಡ, ಕಲಿ ಆಗ್ತೈತಿ. ನೀ ಬಾಯಿಲೆ ಹೇಳು" ಎಂದು ನಕ್ಕಳು. ನಾನು ಹೇಳತೊಡಗಿದೆ. ಅರ್ಧಕ್ಕೇ ಬೋರಗಾಂವದ ಬಸ್ಸು ಬಂತು.

ಬಳಗದವರೇ, ನನ್ನ ಕಪಾಟಿನಲ್ಲಿ ಈಗ ನಾಲ್ಕುನೂರರಷ್ಟು ಪುಸ್ತಕಗಳಿವೆ, ಎಲ್ಲವೂ ಸ್ವಚ್ಛ. ಆದರೆ ಇದನ್ನು ಇಂಥವಳಿಗೇ ಕೊಡು ಎಂದು ಹೆಸರು ಹಿಡಿದು ಹೇಳುವ ಹಸೀನಾ ಈಗ ನನ್ನ ಎದುರು ಮನೆಯಲ್ಲಿಲ್ಲ. ದೋಣಿ ಪುಸ್ತಕ ಇನ್ನೂ ನನ್ನ ಬಳಿಯಿದೆ. ಬಿಚ್ಚಿದರೆ ಈಗಲೂ ತೆಳ್ಳಗೆ ತಂಬಾಕಿನ ವಾಸನೆ. ಹಾಳೆ ಹಾಳೆಗೂ ಬಲಗಡೆ ಕೆಳಗೆ ಕಂದು ಹೆಬ್ಬೆರಳು, ಹುಡುಗಿ ಕಡೆಯ ಬಂದರಿಗೆ ಕಾಲಿಡುವ ತನಕ. ಅಲ್ಲಿಂದ ಮುಂದಿನ ನಲವತ್ತು ಪುಟ ಬಿಳಿಯಾಗಿವೆ. ಅವುಗಳನ್ನು ನಾನು ಅದೆಷ್ಟೋ ಸಲ ಓದಿದ್ದೇನೆ. ಒಂದು ಕಲೆಯೂ ಬಿದ್ದಿಲ್ಲ.