ಹಿಂದೆ ಹೇಳುವವರು

ಆ ಮುದುಕ ಯಾವತ್ತೂ ತಡವಾಗಿಯೇ ಬರುತ್ತಾನೆ. ಪಿಯಾನೋ ಶುರುವಾಗಿ, ಅದರ ಹಿಂದೆ ಆಳೆತ್ತರದ ಪಿಟೀಲಿನಂಥ ವಾದ್ಯವೊಂದು ದುಮ್ ದುಮ್ ಎಂದು ಹೆಜ್ಜೆ ಹಾಕಿ, ಇನ್ನೇನು ಹಾಡು ಬಂತು ಎಂದು ನಾವು ಕಿವಿಗೊಟ್ಟರೆ ಅವನ ಸುಳಿವೇ ಇರುವುದಿಲ್ಲ. ತಾನು ಹತ್ತದೆ ಬಸ್ಸು ಹೊರಡುವುದಿಲ್ಲ ಎಂದು ಗೊತ್ತಿರುವ ಕಂಡಕ್ಟರ್ ಟೀ ಮುಗಿಸಿಕೊಂಡು ಬರುವ ಹಾಗೆ, ನಿಧಾನವಾಗಿ ಬಂದು ಮೊದಲ ಮಾತು ಹಾಡುತ್ತಾನೆ.

ಅವನು ನನಗೆ ಗಂಟುಬಿದ್ದದ್ದೂ ಬಸ್ಸಿನಲ್ಲಿಯೇ. ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರಮ್ಮ. ದಿನಾ ಚಿತ್ರದುರ್ಗದಿಂದ ಓಡಾಟ. ಒಂದು ಸಂಜೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಯಾವುದೋ ಭಾವಗೀತೆ ಕೇಳುತ್ತಾ ತೂಕಡಿಸುತ್ತಿದ್ದೆ. ಅದು ಮುಗಿದ ಮೇಲೆ ಫೋನು ತನಗೆ ತೋಚಿದ್ದನ್ನು ಹಾಕಿತು. ಇಂಗ್ಲಿಷ್ ಹಾಡೆಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ತೆಗೆದುಬಿಡೋಣ ಎಂದು ಬೆರಳು ಚಾಚಿದವಳು, ಹಾಡುವವನು ತಾಳ ತಪ್ಪಿದ್ದಾನಲ್ಲ ಎಂದು ತಡೆದೆ. ವಾದ್ಯಗಳೆಲ್ಲ ಮುಂದೆ ಹೋಗುತ್ತಿವೆ, ಇವನು ಹಿಂದೆ ಉಳಿದಿದ್ದಾನೆ. ಸಾಲಿನ ಕೊನೆಗೆ ಮಾತ್ರ ಅದು ಹೇಗೋ ಎಲ್ಲರೂ ಒಟ್ಟಿಗೆ ಸೇರುತ್ತಾರೆ. ಇದು ತಪ್ಪೋ, ಬೇಕೆಂದೇ ಮಾಡಿದ್ದೋ? ಉತ್ತರ ತಾಳೆಯಾಗದ ಲೆಕ್ಕ ಕಂಡರೆ ನನಗೆ ಮೈಯೆಲ್ಲ ತುರಿಕೆ. ಮನೆ ಸೇರುವಷ್ಟರಲ್ಲಿ ಅದನ್ನೇ ಎಷ್ಟು ಸಲ ಕೇಳಿದೆನೋ.

ಆಮೇಲೆ ಹುಡುಕಿ ನೋಡಿದೆ. ಅವನಿಗೆ ಎಂಬತ್ತು ದಾಟಿದೆ. ಹಾಡುತ್ತಿರುವುದು ಹರೆಯದಿಂದಲೂ ಅದೇ ಹಳೆಯ ಜಾಜ್ ಹಾಡುಗಳು, ಅವನಪ್ಪನ ಕಾಲದ ಜನಪ್ರಿಯ ಹಾಡುಗಳು. ಅವಕ್ಕೆ ಸ್ಟ್ಯಾಂಡರ್ಡ್ಸ್ ಎನ್ನುತ್ತಾರಂತೆ. ಯಾರೋ ಬರೆದದ್ದು, ಎಲ್ಲರೂ ಹಾಡಿದ್ದು, ಯಾರೊಬ್ಬರ ಸ್ವಂತವೂ ಅಲ್ಲದ್ದು. ಅವನೂ ಕೆಲವನ್ನು ವಯಸ್ಸಿನಲ್ಲೊಮ್ಮೆ ರೆಕಾರ್ಡ್ ಮಾಡಿ, ಮುಪ್ಪಿನಲ್ಲಿ ಮತ್ತೊಮ್ಮೆ ಹಾಡಿದ್ದ. ಹಾಡಿದ್ದನ್ನೇ ಮತ್ತೆ ಯಾಕೆ ಹಾಡಬೇಕು ಎಂಬ ಕುತೂಹಲಕ್ಕೆ ಎರಡನ್ನೂ ಒಂದರ ಹಿಂದೊಂದು ಹಾಕಿಕೊಂಡು ಕೇಳತೊಡಗಿದೆ.

ಹರೆಯದ ದನಿ ಚೆಂದವೇ, ಇಲ್ಲ ಎನ್ನುವುದಿಲ್ಲ. ಆದರೆ ಎತ್ತರದ ಸ್ವರ ಸಿಕ್ಕಿತೆಂದರೆ ಅಲ್ಲೇ ನಿಂತು ತೋಳು ತೋರಿಸುತ್ತದೆ. ಮುಪ್ಪಿನ ದನಿ ಅದೇ ಜಾಗಕ್ಕೆ ಬಂದಾಗ ಮೇಲೆ ಹತ್ತುವುದಿಲ್ಲ, ತಗ್ಗಿನಲ್ಲೇ ಬಳಸಿಕೊಂಡು ಹೋಗುತ್ತದೆ. ಮಂಡಿ ನೋವು ಶುರುವಾದ ಮೇಲೆ ನಾನು ಕೋಟೆಯಲ್ಲಿ ಮೆಟ್ಟಿಲು ಬಿಟ್ಟು ಬಳಸು ದಾರಿ ಹಿಡಿಯುವುದಿಲ್ಲವೇ, ಹಾಗೆ. ಹಾಡಿನಲ್ಲಿ ಒಬ್ಬಳು ಬಿಟ್ಟುಹೋಗಿದ್ದಾಳೆ ಎಂಬ ಮಾತು ಬರುತ್ತದೆ. ಹರೆಯದವನು ಹಾಡಿದಾಗ ಅವಳು ಪಕ್ಕದ ಬೀದಿಗೆ ಹೋದಂತಿದೆ, ನಾಳೆ ಬಂದಾಳು. ಮುದುಕ ಹಾಡಿದಾಗ ಅವಳು ಬರುವುದಿಲ್ಲ. ಮಾತು ಅದೇ, ರಾಗ ಅದೇ. ವ್ಯತ್ಯಾಸ ಎಲ್ಲಿದೆ ಎಂದು ಹಿಂದೆ ಮುಂದೆ ಮಾಡಿ ಮಾಡಿ ಕೇಳಿದೆ. ಮುದುಕ ಆ ಮಾತಿನ ತುದಿಯನ್ನು ಎಳೆಯದೆ ಅಲ್ಲೇ ಬಿಟ್ಟುಬಿಡುತ್ತಾನೆ ಎಂದಷ್ಟೇ ಗೊತ್ತಾಯಿತು. ಆಮೇಲೆ ಸುಮಾರು ಹೊತ್ತು ಸುಮ್ಮನಿರುತ್ತಾನೆ.

ಇದೇ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಅವಳು ಸೀರೆ, ಒಡವೆ ಯಾವುದಕ್ಕೂ ಹಟ ಮಾಡಲಿಲ್ಲ. ಕೇಳಿದ್ದು ಒಂದೇ, ಅರಿಶಿಣದ ಶಾಸ್ತ್ರಕ್ಕೆ ಅಜ್ಜಿ ಸೋಬಾನೆ ಹೇಳಬೇಕು. ಅಜ್ಜಿ ಎಂದರೆ ನನ್ನ ಅತ್ತೆ, ನಮ್ಮ ಜೊತೆಯಲ್ಲೇ ಇರುವವರು. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಕಡೆ ಒಂದು ಕಾಲಕ್ಕೆ ಅವರೂ ಅವರ ವಾರಗಿತ್ತಿಯೂ ಇಲ್ಲದೆ ಮದುವೆ ಮನೆಯಲ್ಲಿ ಹಾಡು ಏಳುತ್ತಿರಲಿಲ್ಲ. ವಾರಗಿತ್ತಿಯನ್ನು ನಾನು ಚಿಕ್ಕತ್ತೆ ಎನ್ನುತ್ತಿದ್ದೆ. ಅತ್ತೆ ಒಂದು ಸಾಲು ಎತ್ತಿದರೆ ಚಿಕ್ಕತ್ತೆ ಅದನ್ನೇ ತಿರುಗಿ ಹೇಳುವುದು, ಅಷ್ಟರಲ್ಲಿ ಅತ್ತೆ ಮುಂದಿನದಕ್ಕೆ ಉಸಿರು ತೆಗೆದುಕೊಳ್ಳುವುದು. ಅಡಿಗೆ ಮನೆಯಲ್ಲಿ ಇಬ್ಬರೂ ಮಾತು ಬಿಟ್ಟಿದ್ದ ದಿನವೂ ಚಪ್ಪರದ ಕೆಳಗೆ ಕೂತರೆ ಹಾಡು ಮಾತ್ರ ಎಲ್ಲೂ ಮುಗ್ಗರಿಸುತ್ತಿರಲಿಲ್ಲ.

ಚಿಕ್ಕತ್ತೆ ತೀರಿಕೊಂಡ ಮೇಲೆ ಅತ್ತೆ ಒಂದು ಸಾಲೂ ಹೇಳಿಲ್ಲ. ಮೊಮ್ಮಗಳು ಕೇಳಿದಾಗಲೂ ಆಗುವುದಿಲ್ಲ ಎಂದುಬಿಟ್ಟರು. "ಎತ್ತಾಕೇನು, ನಾನು ಎತ್ತುತೀನಿ. ತಿರುಗಿ ಹೇಳೋರು ಯಾರೈದಾರೆ?" ನಾನು ಹೇಳುತ್ತೇನೆ ಎಂದೆ. ಅವರು ನನ್ನ ಮುಖ ನೋಡಿ, ನಿನ್ನ ಗಂಟಲು ಲೆಕ್ಕ ಹೇಳಿಕೊಡೋಕೆ ಸರಿ ಕಣಮ್ಮ ಎಂದರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು. ಹಾಡು ನಿಂತ ಮೇಲೆ ಅತ್ತೆಯ ಮಾತೂ ಕಡಿಮೆಯಾಗುತ್ತಾ ಬಂದಿದ್ದನ್ನು ನಾನು ನೋಡುತ್ತಿದ್ದೆ. ಈ ಮದುವೆಯಲ್ಲೂ ಬಾಯಿ ತೆರೆಯದಿದ್ದರೆ ಇನ್ನು ಅವರು ತೆರೆಯುವುದೇ ಇಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಲಗ್ನಪತ್ರಿಕೆ ಕೊಡಲು ಯಲ್ಲದಕೆರೆಗೆ ಹೊರಟ ದಿನ ಕಾರಿನಲ್ಲಿ ನಾವು ಮೂವರೇ. ನಮ್ಮನೆಯವರು ಓಡಿಸುತ್ತಿದ್ದರು, ಅತ್ತೆ ಪತ್ರಿಕೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದರು. ಹೈವೇಗೆ ಬಿದ್ದ ಮೇಲೆ ನಾನು ಫೋನನ್ನು ಕಾರಿನ ಸ್ಪೀಕರಿಗೆ ಸೇರಿಸಿ ಮುದುಕನ ಹಾಡು ಹಾಕಿದೆ. ಇದೇನು, ಹುಷಾರಿಲ್ಲದವರು ಹಾಡಿದ ಹಾಗಿದೆ ಎಂದು ನಮ್ಮನೆಯವರು ಗೊಣಗಿದರು. ಡ್ರಮ್ಮಿನ ಮೇಲೆ ಕೋಲಿನ ಬದಲು ಕುಂಚದಿಂದ ಸವರುವ ಸದ್ದು ಕೇಳಿ ಅತ್ತೆ, ಯಾರೋ ರಾಗಿ ಕೇರುತ್ತಿದ್ದಾರೆ ಎಂದರು. ಐಮಂಗಲ ದಾಟುವಾಗ ಅತ್ತೆ ಮುಂದಕ್ಕೆ ಬಾಗಿ ನನ್ನ ಭುಜ ಮುಟ್ಟಿದರು.

"ಇವನ ಹಿಂದೆ ಹೇಳೋರು ಎಲ್ಲಿಗೆ ಹೋದ್ರು?"

ಇವರ ಸಂಗೀತದಲ್ಲಿ ನಮ್ಮ ಹಾಗೆ ಹಿಂದೆ ಹೇಳುವವರು ಇರುವುದಿಲ್ಲ, ಒಬ್ಬರೇ ಹಾಡುವುದು, ನಡುವೆ ಪಿಯಾನೋ ನುಡಿಸುತ್ತಾರೆ ಎಂದು ನಾನು ತಿಳಿದವಳ ಹಾಗೆ ವಿವರಿಸಿದೆ. ಅತ್ತೆ ಒಪ್ಪಲಿಲ್ಲ.

"ಅಲ್ಲ ಕಣಮ್ಮ. ಜಾಗ ಬಿಟ್ಟು ಕಾಯ್ತಾ ಅವ್ನೆ ನೋಡು."

ನಮ್ಮನೆಯವರು ವಾರೆಗಣ್ಣಿನಲ್ಲಿ ನನ್ನ ಕಡೆ ನೋಡಿ ನಕ್ಕರು, ನಾನೂ ನಕ್ಕೆ. ಅತ್ತೆ ಜಗತ್ತಿನ ಹಾಡನ್ನೆಲ್ಲ ಸೋಬಾನೆ ಎಂದುಕೊಂಡಿದ್ದಾರೆ ಎನಿಸಿತು. ಊರಿನಲ್ಲಿ ಚಿಕ್ಕತ್ತೆಯ ಮನೆಗೆ ಹೋಗಿ, ಪತ್ರಿಕೆಗೆ ಅರಿಶಿಣ ಕುಂಕುಮ ಹಚ್ಚಿ ಅವರ ಫೋಟೋದ ಮುಂದೆಯೂ ಒಂದನ್ನು ಇಟ್ಟೆವು. ಅತ್ತೆ ಅದರ ಎದುರು ಕಾಫಿ ಆರುವವರೆಗೂ ಕೂತಿದ್ದರು.

ಬರುವಾಗ, ಸುಮ್ಮನಿರಲಾರದ ನನ್ನ ಗುಣಕ್ಕೆ, ಅದೇ ಹಾಡಿನ ಹರೆಯದ ರೆಕಾರ್ಡು ಹಾಕಿದೆ. ಅದನ್ನು ಅಷ್ಟು ದಿನ ಕೇಳಿದ್ದರೂ ಬರೀ ಅವನ ದನಿಯ ಹಿಂದೆ ಬಿದ್ದಿದ್ದೆ. ಈ ಸಲ ಅವನು ಸುಮ್ಮನಾಗುವ ಕಡೆ ಕಿವಿಯಿಟ್ಟೆ. ಅಲ್ಲಿ ಇಬ್ಬರೋ ಮೂವರೋ ಹೆಂಗಸರಿದ್ದರು. ಅವನು ಸಾಲು ಮುಗಿಸಿದೊಡನೆ ಅದರ ಕೊನೆಯ ಮಾತನ್ನು ಮೆಲ್ಲಗೆ ತಿರುಗಿ ಹಾಡುತ್ತಿದ್ದರು. ನಾನದನ್ನು ಯಾವುದೋ ವಾದ್ಯವೆಂದುಕೊಂಡಿದ್ದೆ. ಗಾಡಿ ನಿಲ್ಲಿಸಿ ಎಂದೆ. ಹಿರಿಯೂರಿನಾಚೆ ಒಂದು ಹೋಟೆಲಿನ ಮುಂದೆ ನಿಲ್ಲಿಸಿಕೊಂಡು ಎರಡನ್ನೂ ಮತ್ತೆ ಹಾಕಿದೆ. ಮುಪ್ಪಿನ ರೆಕಾರ್ಡಿನಲ್ಲಿ ಆ ಹೆಂಗಸರಿಲ್ಲ. ಅವರು ಹಾಡುತ್ತಿದ್ದಷ್ಟು ಹೊತ್ತು ಮಾತ್ರ ಹಾಗೆಯೇ ಇದೆ. ಪಿಯಾನೋದವನು ಕೂಡ ಅಲ್ಲಿ ಹೆಚ್ಚೇನೂ ನುಡಿಸುವುದಿಲ್ಲ.

ಅವರೆಲ್ಲ ಹೋಗಿಬಿಟ್ಟರಾ ಎಂದು ಅತ್ತೆ ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದರೆ ಪಿಯಾನೋದವನ ಹೆಸರಿದೆ, ಡ್ರಮ್ಮಿನವನದಿದೆ, ರೆಕಾರ್ಡ್ ಮಾಡಿದವನದೂ ಇದೆ. ಹೆಂಗಸರು ಯಾರು, ಈಗ ಎಲ್ಲಿದ್ದಾರೆ ಎಂದು ಬರೆಯುವ ತೊಂದರೆಯನ್ನು ಯಾರೂ ತೆಗೆದುಕೊಂಡಿಲ್ಲ. ಮೈ ಉರಿಯಿತು. ಸುಳ್ಳು ಹೇಳಬಾರದೆಂದು ಅತ್ತೆಗೆ ಇದ್ದದ್ದನ್ನೇ ಹೇಳಿದೆ. ಅವನು ಅವರಿಗಾಗಿ ಜಾಗ ಬಿಟ್ಟಿದ್ದಾನೋ, ಎಂಬತ್ತರ ಮೇಲೆ ಉಸಿರು ಸಾಲದೆ ನಿಂತಿದ್ದಾನೋ, ಯಾರಿಗೆ ಗೊತ್ತು ಎಂದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಉಸಿರಿಗೇ ಆಗ್ಲಿ. ಅವರಿಲ್ಲ ಅಂತ ಹಾಡೋದು ಬಿಡ್ಲಿಲ್ಲವಲ್ಲ."

ಅಲ್ಲಿಂದ ಮುಂದೆ ನಾನು ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವುದೇ ತಡ, ಆ ತಾತನ್ನ ಹಾಕು ಎಂದು ಅತ್ತೆ ಕೇಳುವುದು ರೂಢಿಯಾಯಿತು. ಮಾತು ಒಂದೂ ಅರ್ಥವಾಗದಿದ್ದರೂ ಅವನು ಎಲ್ಲಿ ನಿಲ್ಲುತ್ತಾನೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಅಲ್ಲಿಗೆ ಬಂದಾಗ ಕೈಕೆಲಸವನ್ನೂ ನಿಲ್ಲಿಸುತ್ತಿದ್ದರು. ಅರಿಶಿಣಕ್ಕೆ ಏನು ಮಾಡುತ್ತೀರಿ ಎಂದು ಕೇಳಲು ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಬಾಯಿ ಬಿಗಿಹಿಡಿಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ, ಬಹಳ ಕಷ್ಟವಾಯಿತು.

ಶಾಸ್ತ್ರದ ದಿನ ಮನೆಯ ಹಜಾರ ತುಂಬಿತ್ತು. ಮಗಳನ್ನು ಹಸೆಯ ಮೇಲೆ ಕೂರಿಸಿ ಅರಿಶಿಣ ಹಚ್ಚುತ್ತಿದ್ದರು. ಅವಳ ಗೆಳತಿಯರು ಸ್ಪೀಕರಿನಲ್ಲಿ ಕುಣಿಯುವ ಹಾಡು ಹಾಕಿದ್ದರು. ಯಾವುದೋ ಹಾಡು ಮುಗಿದು ಮುಂದಿನದು ಬರುವಷ್ಟರಲ್ಲಿ, ಗೋಡೆಗೆ ಒರಗಿ ಕೂತಿದ್ದ ಅತ್ತೆ ಯಾರಿಗೂ ಹೇಳದೆ ಕೇಳದೆ ಅರಿಶಿಣದ ಪದ ಎತ್ತಿದರು. ಅದು ನಾನು ಬಲ್ಲ ದನಿಯಾಗಿರಲಿಲ್ಲ. ತುಂಬ ತಗ್ಗಿನಲ್ಲಿತ್ತು, ಅಲ್ಲಲ್ಲಿ ಒಡೆದಿತ್ತು. ಯಾರೋ ಓಡಿಹೋಗಿ ಸ್ಪೀಕರ್ ಆರಿಸಿದರು.

ಮೊದಲ ಸಾಲು ಮುಗಿಯಿತು. ಅತ್ತೆ ಸುಮ್ಮನಾದರು. ಮರೆತರೇನೋ ಎಂದು ಹೆಂಗಸೊಬ್ಬರು ಅದೇ ಸಾಲನ್ನು ಎತ್ತಿಕೊಡಲು ಬಾಯಿ ತೆರೆದರು. ಅತ್ತೆ ಅಂಗೈ ತೋರಿಸಿ ತಡೆದರು. ಅಡಿಗೆಯವರು ಹಿತ್ತಲಲ್ಲಿ ಪಾತ್ರೆ ಇಟ್ಟ ಸದ್ದು ಕೇಳಿತು. ಆಮೇಲೆ ಅತ್ತೆ ಎರಡನೆಯ ಸಾಲು ಹೇಳಿದರು, ಮತ್ತೆ ಅಷ್ಟೇ ಹೊತ್ತು ಸುಮ್ಮನಾದರು. ಚಿಕ್ಕತ್ತೆ ಆ ಸಾಲನ್ನು ಹೇಗೆ ಎಳೆಯುತ್ತಿದ್ದರು, ಎಲ್ಲಿ ಮೂಗಿನಿಂದ ಹೇಳುತ್ತಿದ್ದರು ಎಂಬುದೆಲ್ಲ ಹಿಂದೆ ಅವರ ಹಾಡು ಕೇಳಿದ್ದವರಿಗೆ ಗೊತ್ತಿತ್ತು. ಪದ ಮುಗಿಯುವವರೆಗೂ ಹೀಗೆಯೇ ನಡೆಯಿತು. ಅರಿಶಿಣದ ಬಟ್ಟಲು ಹಿಡಿದುಕೊಂಡಿದ್ದ ಹಾಗೆಯೇ ನನಗೆ ಅಳು ಬಂತು.

ಮಗಳಿಗೆ ಚಿಕ್ಕತ್ತೆಯ ಹಾಡಿನ ನೆನಪು ಅಷ್ಟಾಗಿ ಇಲ್ಲ. ಎಲ್ಲ ಮುಗಿದ ಮೇಲೆ ಅರಿಶಿಣ ಮೆತ್ತಿದ ಮುಖದಲ್ಲೇ ಅಜ್ಜಿಯ ಪಕ್ಕ ಬಂದು ಕೂತು, ತುಂಬ ಚೆನ್ನಾಗಿತ್ತು, ನಡುನಡುವೆ ಯಾಕೆ ನಿಲ್ಲಿಸುತ್ತಿದ್ದೆ ಎಂದು ಕೇಳಿದಳು. ಅತ್ತೆ ಅವಳನ್ನು ಆಶ್ಚರ್ಯದಿಂದ ನೋಡಿದರು.

"ನಾನೆಲ್ಲಿ ನಿಲ್ಲಿಸ್ದೆ? ಅವಳು ಹೇಳ್ತಿದ್ಲಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಗಂಟಲು ಒಣಗಿದೆ, ಒಂದು ಲೋಟ ಬಿಸಿನೀರು ಕೊಡು ಎಂದರು.